ಮೆಕ್ಯಾನಿಕ್ಸ್ ಲಿಯನ್ ವ್ಯಾಜ್ಯಗಳು, ಅಮೆರಿಕ ಸಂಯುಕ್ತ ಸಂಸ್ಥಾನ

ಕಟ್ಟಡಕ್ಕೆ ದುಡಿದವರ ಹಾಗೂ ಸಾಮಗ್ರಿ ಒದಗಿಸಿದವರ ಬಾಕಿಗೆ ಆ ಕಟ್ಟಡವನ್ನೂ ನಿವೇಶನವನ್ನೂ ಹೊಣೆಯಾಗಿಸುವ ಹಕ್ಕಿಗೆ ಮೆಕ್ಯಾನಿಕ್ಸ್ ಲಿಯನ್ ಎಂದು ಹೆಸರು. ಹಣ ಬಾರದಿದ್ದರೆ ಹಕ್ಕುದಾರನು ದಾವೆ ಹೂಡಿ, ಡಿಕ್ರಿ ಪಡೆದು, ಆಸ್ತಿಯನ್ನು ಹರಾಜು ಹಾಕಿಸಿ ವಸೂಲು ಮಾಡಿಕೊಳ್ಳಬಹುದು.

ಉಗಮ: ಇಂಗ್ಲೆಂಡಿನ ರೂಢಿಗತ ಕಾನೂನಿನಂತೆ, ಗಾಡಿ ದುರಸ್ತಿ ಮಾಡಿದವನು ಕೂಲಿ ಸಲ್ಲುವವರೆಗೆ ಗಾಡಿಯನ್ನು ತಡೆಹಿಡಿಯಬಹುದಿತ್ತು, ಗೋಡೆ ಕಟ್ಟಿದವನಿಗೆ ಆ ದಾರಿ ಇರಲಿಲ್ಲ. ಭಾರತದ 1872ರ ಕರಾರು ಅಧಿನಿಯಮದ 170ನೆಯ ಪ್ರಕರಣವೂ ವಸ್ತು ವಶದಲ್ಲಿರುವವರಿಗಷ್ಟೇ ಈ ರಕ್ಷಣೆ ಕೊಡುತ್ತದೆ. ಹೊಸ ರಾಜಧಾನಿ ವಾಷಿಂಗ್ಟನ್‌ನ ನಿರ್ಮಾಣಕ್ಕೆ ಕುಶಲಕರ್ಮಿಗಳನ್ನು ಸೆಳೆಯಬೇಕಿದ್ದಾಗ ಥಾಮಸ್ ಜೆಫರ್ಸನ್ ಮತ್ತು ಜೇಮ್ಸ್ ಮ್ಯಾಡಿಸನ್ ಈ ಕೊರತೆಯತ್ತ ಗಮನ ಹರಿಸಿದರು. ಮೇರಿಲ್ಯಾಂಡ್ ಶಾಸನಸಭೆ 1791ರಲ್ಲಿ ಕಟ್ಟುವವರಿಗೆ ಲಿಯನ್ ನೀಡಿತು. ಪೆನ್ಸಿಲ್ವೇನಿಯಾ 1803ರಲ್ಲಿ ಅದನ್ನು ಅನುಸರಿಸಿತು; ಕ್ಯಾಲಿಫೋರ್ನಿಯಾ 1879ರ ಸಂವಿಧಾನದಲ್ಲೇ ಈ ಹಕ್ಕನ್ನು ಸೇರಿಸಿತು.

ವ್ಯಾಜ್ಯದ ಮೂಲಗಳು: ಮಾಲೀಕನು ಗುತ್ತಿಗೆದಾರನಿಗೆ ಪೂರ್ತಿ ಹಣ ಕೊಟ್ಟಿದ್ದರೂ ಉಪಗುತ್ತಿಗೆದಾರನಿಗೆ ಅದು ತಲುಪದಿದ್ದರೆ ನಷ್ಟ ಯಾರದು? ಪೆನ್ಸಿಲ್ವೇನಿಯಾ ಪದ್ಧತಿಯಲ್ಲಿ ಉಪಗುತ್ತಿಗೆದಾರನಿಗೆ ಆಸ್ತಿಯ ಮೇಲೆ ನೇರ ಹಕ್ಕಿದೆ. ಮಾಲೀಕನು ಎರಡನೆಯ ಸಲ ಹಣ ತೆರಬೇಕಾದೀತು. ನ್ಯೂಯಾರ್ಕ್ ಪದ್ಧತಿಯಲ್ಲಿ ಮಾಲೀಕನು ಗುತ್ತಿಗೆದಾರನಿಗೆ ಉಳಿಸಿಕೊಂಡ ಬಾಕಿಯೇ ಹಕ್ಕಿನ ಮಿತಿ. ಅಡಮಾನ ಸಾಲ ಕೊಟ್ಟ ಬ್ಯಾಂಕಿನ ಹಕ್ಕು ಮೊದಲೋ ಲಿಯನ್ ಮೊದಲೋ ಎಂಬುದು ಮತ್ತೊಂದು ಜಗಳ. ಹಲವು ರಾಜ್ಯಗಳಲ್ಲಿ ಕೆಲಸ ಆರಂಭವಾದ ದಿನವೇ ಅದನ್ನು ತೀರ್ಮಾನಿಸುತ್ತದೆ. ಕಾಲಮಿತಿಯೂ ಬಿಗಿ: ಕ್ಯಾಲಿಫೋರ್ನಿಯಾದಲ್ಲಿ ಲಿಯನ್ ನೋಂದಾಯಿಸಿದ 90 ದಿನಗಳೊಳಗೆ, ಅವಧಿ ವಿಸ್ತರಣೆಯಾಗದ ಹೊರತು, ದಾವೆ ಹೂಡದಿದ್ದರೆ ಅದು ಜಾರಿಯಾಗದು. ಸರ್ಕಾರಿ ಕಟ್ಟಡವನ್ನು ಹರಾಜು ಹಾಕುವಂತಿಲ್ಲ. ಆದ್ದರಿಂದ ಫೆಡರಲ್ ಕಾಮಗಾರಿಗಳಲ್ಲಿ 1935ರ ಮಿಲ್ಲರ್ ಕಾಯ್ದೆಯಂತೆ ಗುತ್ತಿಗೆದಾರನು ಕೊಡುವ ಬಾಂಡ್ ದುಡಿದವರಿಗೆ ಆಸರೆ.

ಸಾಂವಿಧಾನಿಕ ಪ್ರಶ್ನೆ: ಮಾಲೀಕನ ಅಹವಾಲು ಕೇಳದೆ ಅವನ ಆಸ್ತಿಯನ್ನು ಋಣಕ್ಕೆ ಕಟ್ಟಿಹಾಕಬಹುದೇ ಎಂಬ ಪ್ರಶ್ನೆ 1970ರ ದಶಕದಲ್ಲಿ ತೀವ್ರವಾಯಿತು. ಅರಿಜೋನಾದ ಸ್ಪೀಲ್‌ಮನ್-ಫಾಂಡ್ ಪ್ರಕರಣದಲ್ಲಿ ಲಿಯನ್ ಪರವಾದ ತೀರ್ಪನ್ನು 1974ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 1976ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವೂ ಕಾನೋಲಿ ಪ್ರಕರಣದಲ್ಲಿ ಅದೇ ನಿಲುವು ತಳೆಯಿತು. ಅದೇ ವರ್ಷ ಮೇರಿಲ್ಯಾಂಡಿನ ಉನ್ನತ ನ್ಯಾಯಾಲಯವು ಬ್ಯಾರಿ ಪ್ರಾಪರ್ಟೀಸ್ ಪ್ರಕರಣದಲ್ಲಿ, ವಿಚಾರಣೆಗೆ ಮೊದಲೇ ಲಿಯನ್ ಹೇರುವ ಅಂಶವನ್ನು ಅಸಿಂಧುವೆಂದಿತು. ಆ ತೀರ್ಪಿನ ಬಳಿಕ ಕಾನೂನಿಗೆ ತಿದ್ದುಪಡಿಯಾಯಿತು: ಅಲ್ಲೀಗ ಕೆಲಸ ಮುಗಿದ 180 ದಿನಗಳೊಳಗೆ ಅರ್ಜಿ ಸಲ್ಲಬೇಕು. ಲಿಯನ್ ಹುಟ್ಟುವುದು ನ್ಯಾಯಾಲಯದ ಆದೇಶದಿಂದ ಮಾತ್ರ. ದುಡಿದವನ ಕೂಲಿ ಮತ್ತು ಮಾಲೀಕನ ಅಹವಾಲು ಎರಡಕ್ಕೂ ಜಾಗ ಕೊಟ್ಟ ಈ ತಿದ್ದುಪಡಿ, ಹಕ್ಕು ಮೊದಲು ಮೂಡಿದ ರಾಜ್ಯದಲ್ಲೇ ಅದನ್ನು ಹೆಚ್ಚು ನ್ಯಾಯಯುತವಾಗಿಸಿತು.