ಪಾಂಡವಪುರ ಉಪವಿಭಾಗದ ಗ್ರಾಮೀಣ ದುಡಿಮೆ ಮತ್ತು ಹವಾಮಾನ ವೈಪರೀತ್ಯ

ಪಾಂಡವಪುರ ಉಪವಿಭಾಗವು ಕರ್ನಾಟಕದ ಮಂಡ್ಯ ಜಿಲ್ಲೆಯ ಎರಡು ಕಂದಾಯ ಉಪವಿಭಾಗಗಳಲ್ಲಿ ಒಂದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ (ಕೆ.ಆರ್. ಪೇಟೆ) ಮತ್ತು ನಾಗಮಂಗಲ ತಾಲ್ಲೂಕುಗಳು ಇದಕ್ಕೆ ಸೇರಿವೆ. ಇಲ್ಲಿನ ಭೂರಹಿತ ಕೂಲಿಕಾರರು, ಸಣ್ಣ ಹಿಡುವಳಿದಾರರು ಮತ್ತು ವಲಸೆ ಕಾರ್ಮಿಕರ ಜೀವನೋಪಾಯವು ಮಳೆ ಮತ್ತು ನಾಲೆಯ ನೀರನ್ನು ಅವಲಂಬಿಸಿದೆ. ಬರ, ಅಕಾಲಿಕ ಮಳೆ ಮತ್ತು ಬಿಸಿಲಿನ ತಾಪ ಹೆಚ್ಚಿದಂತೆ ಇವರಿಗೆ ಸ್ಥಿರವೂ ಗೌರವಯುತವೂ ಆದ ಕೆಲಸ ಒದಗಿಸುವುದು ಮುಖ್ಯ ಪ್ರಶ್ನೆಯಾಗಿದೆ.

ಹಿನ್ನೆಲೆ

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ‘ಘನತೆಯ ದುಡಿಮೆ’ ಎಂಬ ಪರಿಕಲ್ಪನೆಯನ್ನು 1999ರಲ್ಲಿ ಮುಂದಿಟ್ಟಿತು. ನ್ಯಾಯವಾದ ಕೂಲಿ, ಸುರಕ್ಷತೆ, ಸಾಮಾಜಿಕ ಭದ್ರತೆ ಮತ್ತು ಕೆಲಸಗಾರರ ಅಭಿಪ್ರಾಯಕ್ಕೆ ಮನ್ನಣೆ ಇದರ ಮುಖ್ಯ ಅಂಶಗಳು. ಅದೇ ಸಂಸ್ಥೆಯ 2019ರ ವರದಿಯು 2030ರ ವೇಳೆಗೆ ಉಷ್ಣದ ಒತ್ತಡದಿಂದ ಜಗತ್ತಿನ ಒಟ್ಟು ದುಡಿಮೆಯ ಅವಧಿಯಲ್ಲಿ ಶೇ. 2.2ರಷ್ಟು ನಷ್ಟವಾಗಬಹುದೆಂದು ಅಂದಾಜಿಸಿತು. ಬಯಲಿನಲ್ಲಿ ದುಡಿಯುವ ಕೃಷಿ ಮತ್ತು ಕಟ್ಟಡ ಕಾರ್ಮಿಕರಿಗೆ ಇದರ ಪೆಟ್ಟು ಹೆಚ್ಚು.

ಭೌಗೋಳಿಕ ಸ್ಥಿತಿ

ನಾಲ್ಕು ತಾಲ್ಲೂಕುಗಳ ಪರಿಸ್ಥಿತಿ ಏಕರೂಪವಾಗಿಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಇದರ ವಿಶ್ವೇಶ್ವರಯ್ಯ ನಾಲೆ ಹಾಗೂ ಇದಕ್ಕಿಂತ ಹಳೆಯದಾದ ಚಿಕ್ಕದೇವರಾಯ ಸಾಗರ ನಾಲೆಗಳಿಂದ ಭತ್ತ ಮತ್ತು ಕಬ್ಬಿನ ಬೇಸಾಯ ನೆಲೆಗೊಂಡಿತು. ಕೆ.ಆರ್. ಪೇಟೆಯ ಒಂದು ಭಾಗಕ್ಕೆ ಹೇಮಾವತಿಯ ನೀರು ದೊರೆಯುತ್ತದೆ. ನಾಗಮಂಗಲವು ಬಹುಮಟ್ಟಿಗೆ ಕೆರೆ, ಕೊಳವೆಬಾವಿ ಮತ್ತು ಮಳೆಯನ್ನೇ ನಂಬಿರುವ ರಾಗಿ, ಹುರುಳಿ, ತೆಂಗಿನ ಸೀಮೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 700 ಮಿ.ಮೀ.

2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಆ ವರ್ಷ ಕೃಷ್ಣರಾಜಸಾಗರ ತುಂಬಲಿಲ್ಲ. ನಾಲೆಗೆ ನೀರು ಬಾರದಿದ್ದರೆ ರೈತನಿಗೆ ಬೆಳೆ ನಷ್ಟ. ನಾಟಿ, ಕಳೆ, ಕಟಾವನ್ನೇ ನಂಬಿದ ಕೂಲಿಕಾರರಿಗೆ ದಿನಗೂಲಿಯೇ ನಷ್ಟ. ಬೆಳೆ ಪರಿಹಾರವು ಜಮೀನಿನ ದಾಖಲೆಯನ್ನು ಆಧರಿಸಿ ಸಿಗುವುದರಿಂದ ಭೂಮಿಯಿಲ್ಲದವರು ಅದರ ವ್ಯಾಪ್ತಿಯಿಂದ ಹೊರಗುಳಿಯುತ್ತಾರೆ.

ದುರ್ಬಲ ವರ್ಗದ ಕಾರ್ಮಿಕರು

* ಕಬ್ಬು ಮತ್ತು ಆಲೆಮನೆ ಕಾರ್ಮಿಕರು: ಕಬ್ಬು ಕಡಿಯುವವರಲ್ಲಿ ಹೊರ ಜಿಲ್ಲೆಗಳಿಂದ ಕುಟುಂಬ ಸಮೇತ ಬರುವವರಿದ್ದಾರೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ದುಡಿಯುವವರಿಗೆ ಒಲೆಯ ಕಾವಿನ ಜೊತೆಗೆ ಬೇಸಿಗೆಯ ಬಿಸಿಲೂ ಸೇರುತ್ತದೆ.
* ಕಲ್ಲುಗಣಿ ಕಾರ್ಮಿಕರು: ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ಸುತ್ತಲಿನ ಗಣಿಗಾರಿಕೆ ಅಣೆಕಟ್ಟೆಯ ಸುರಕ್ಷತೆಯ ದೃಷ್ಟಿಯಿಂದ ವಿವಾದಕ್ಕೆ ಒಳಗಾಯಿತು. 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅಣೆಕಟ್ಟೆಯ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಇಂತಹ ಕ್ರಮಗಳು ಅಗತ್ಯವಾದರೂ, ಕಲ್ಲು ಒಡೆದು ಬದುಕುವವರಿಗೆ ಬದಲಿ ಕೆಲಸದ ಪ್ರಶ್ನೆಯನ್ನು ಎತ್ತುತ್ತವೆ.
* ವಲಸಿಗರು: ಕೆ.ಆರ್. ಪೇಟೆ ಮತ್ತು ನಾಗಮಂಗಲದ ಅನೇಕ ಕುಟುಂಬಗಳು ದುಡಿಮೆಗಾಗಿ ಮುಂಬಯಿಯನ್ನು ಆಶ್ರಯಿಸಿವೆ. 2020ರ ಕೋವಿಡ್ ಲಾಕ್‌ಡೌನ್ ಕಾಲದಲ್ಲಿ ಇವರಲ್ಲಿ ಬಹಳ ಮಂದಿ ಊರಿಗೆ ಮರಳಿದರು. ಸ್ಥಳೀಯ ಉದ್ಯೋಗದ ಕೊರತೆ ಆಗ ಎದ್ದು ಕಂಡಿತು.
* ಪ್ರವಾಸೋದ್ಯಮದ ಕೆಲಸಗಾರರು: 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ತಾಣವೆನಿಸಿದ ರಂಗನತಿಟ್ಟಿನಲ್ಲಿ, ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿವಿಹಾರ ನಿಲ್ಲುತ್ತದೆ.

ಉದ್ಯೋಗ ಖಾತರಿ ಮತ್ತು ನೆಲ–ಜಲ ಕಾಮಗಾರಿ

2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ 2008ರ ಏಪ್ರಿಲ್‌ನಿಂದ ಮಂಡ್ಯ ಜಿಲ್ಲೆಗೂ ವಿಸ್ತರಣೆಯಾಯಿತು. ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸ, ಕೇಳಿದ 15 ದಿನಗಳೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ, ಸ್ತ್ರೀ–ಪುರುಷರಿಗೆ ಸಮಾನ ಕೂಲಿ ಇದರ ಮುಖ್ಯ ವಿಧಿಗಳು. ಕರ್ನಾಟಕದಲ್ಲಿ ದಿನಗೂಲಿ 2023–24ರಲ್ಲಿ 316 ರೂ., 2025–26ರಲ್ಲಿ 370 ರೂ. ಇತ್ತು. ಗುತ್ತಿಗೆದಾರರಿಗೂ ಕೂಲಿಕಾರರ ಕೆಲಸ ಕಸಿಯುವ ಯಂತ್ರಗಳಿಗೂ ಇದರಲ್ಲಿ ಅವಕಾಶವಿರಲಿಲ್ಲ. ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು ಮತ್ತು ಪ್ರಥಮ ಚಿಕಿತ್ಸೆ ಇರಬೇಕೆಂದು ವಿಧಿಸಲಾಗಿತ್ತು. ಕೂಲಿಕಾರರ ಮಕ್ಕಳಿಗಾಗಿ ರಾಜ್ಯ ಸರ್ಕಾರವು 2023ರಲ್ಲಿ ‘ಕೂಸಿನ ಮನೆ’ ಯೋಜನೆಯನ್ನು ಪ್ರಕಟಿಸಿತು.

ಕೆರೆ ಹೂಳೆತ್ತುವುದು, ಬದು ನಿರ್ಮಾಣ, ಕೃಷಿ ಹೊಂಡ, ಗೋಕಟ್ಟೆ, ನಾಲಾ ದುರಸ್ತಿ ಮತ್ತು ಅರಣ್ಯೀಕರಣ ಈ ಯೋಜನೆಯಡಿ ಕೈಗೊಳ್ಳುವ ಕಾಮಗಾರಿಗಳು. ಇವು ಬರಗಾಲದಲ್ಲಿ ಕೂಲಿ ಒದಗಿಸುವುದರ ಜೊತೆಗೆ ಮುಂದಿನ ಬರವನ್ನು ಎದುರಿಸುವ ಸಾಮರ್ಥ್ಯವನ್ನೂ ಬೆಳೆಸುತ್ತವೆ. ಕೆರೆಯಿಂದ ತೆಗೆದ ಗೋಡು ಹೊಲದ ಫಲವತ್ತತೆಯನ್ನು ಹೆಚ್ಚಿಸುತ್ತದೆ. ಹೂಳು ತೆಗೆದ ಕೆರೆ ಅಂತರ್ಜಲ ಮರುಪೂರಣಕ್ಕೆ ನೆರವಾಗುತ್ತದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ಕಾಯಿದೆಯ ಬದಲಿಗೆ 125 ದಿನಗಳ ಕೆಲಸ ಸೂಚಿಸುವ ಹೊಸ ಕಾಯಿದೆಯನ್ನು ಅಂಗೀಕರಿಸಿತು.

ಇತರ ಜೀವನೋಪಾಯಗಳು

ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಸ್ಥಾಪಿಸಿದ ಜನಪದ ಸೇವಾ ಟ್ರಸ್ಟ್ ಖಾದಿ ನೇಯ್ಗೆಯಲ್ಲಿ ಸ್ಥಳೀಯರಿಗೆ ಕೆಲಸ ಒದಗಿಸಿದೆ. ನೆರಳಿನಲ್ಲಿ ನಡೆಯುವ, ಮಳೆಯನ್ನು ನೇರವಾಗಿ ಅವಲಂಬಿಸದ ಇಂತಹ ಕಸುಬುಗಳು ಬರಗಾಲದಲ್ಲೂ ಮುಂದುವರಿಯಬಲ್ಲವು. ರೇಷ್ಮೆ ಕೃಷಿಯಲ್ಲಿ, ಕಡಿಮೆ ನೀರು ಬಯಸುವ ಮರಪದ್ಧತಿಯ ಹಿಪ್ಪುನೇರಳೆ ಬೇಸಾಯ ವರ್ಷದ ಹಲವು ಬಾರಿ ಆದಾಯ ತರುತ್ತದೆ. ಹೈನುಗಾರಿಕೆ ಹಾಗೂ ಕುರಿ ಸಾಕಣೆ ಭೂರಹಿತ ಕುಟುಂಬಗಳಿಗೂ ಒದಗುವ ಉಪಕಸುಬುಗಳು. ಆದರೆ ಬರದಲ್ಲಿ ಮೇವಿನ ಕೊರತೆ ಇವನ್ನೂ ಬಾಧಿಸುತ್ತದೆ.

ಸವಾಲುಗಳು

ಕೂಲಿ ಪಾವತಿಯ ವಿಳಂಬ ಬಡ ಕುಟುಂಬಗಳನ್ನು ಕೈಸಾಲಕ್ಕೆ ದೂಡುತ್ತದೆ. 2023ರ ಜನವರಿಯಿಂದ ಕಡ್ಡಾಯವಾದ ಮೊಬೈಲ್ ಹಾಜರಾತಿಯು ನೆಟ್‌ವರ್ಕ್ ಸಿಗದ ಕಡೆ ತೊಡಕಾಯಿತು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಕೆಲಸದ ಅಳತೆಗೆ ರಿಯಾಯಿತಿ ನೀಡುವ ಕ್ರಮ ಬಳಕೆಯಲ್ಲಿತ್ತು. ಬಿಸಿಲಿನಲ್ಲಿ ನಿಗದಿತ ಅಳತೆಯ ಮಣ್ಣು ಅಗೆಯಲಾಗದೆ ಕೂಲಿ ಕಡಿಮೆಯಾಗುವ ತೊಂದರೆಗೆ ಇದು ಪರಿಹಾರ. ಋತುಮಾನಕ್ಕೆ ಬರುವ ಕಬ್ಬು ಕಟಾವುದಾರರು ತಮ್ಮ ಊರಿನ ಉದ್ಯೋಗ ಚೀಟಿಯಿಂದ ಇಲ್ಲಿ ಕೆಲಸ ಪಡೆಯಲಾರರು. ಅವರ ಮಕ್ಕಳ ಶಾಲೆಯೂ ನಡುವೆ ನಿಲ್ಲುತ್ತದೆ.