ವಿಟಮಿನ್ ಡಿ ಮತ್ತು ಮುಪ್ಪು: ಹಿರಿಯ ಸದಸ್ಯರ ಗಮನಕ್ಕೆ



ವಿಟಮಿನ್ ಡಿ ಮಾತ್ರೆ ನುಂಗಿದರೆ ಮುಪ್ಪು ತಡವಾಗುತ್ತದಂತೆ, ನಿಜವೇ ಎಂದು ಹಲವು ಊರುಗಳ ಸದಸ್ಯರು ಸಂಘವನ್ನು ಕೇಳುತ್ತಿದ್ದಾರೆ. ಮೊಬೈಲಿನಲ್ಲಿ ಹರಿದಾಡುವ ಸುದ್ದಿಯಲ್ಲಿ ಸ್ವಲ್ಪ ಸತ್ಯವಿದೆ, ಬಹಳಷ್ಟು ಉತ್ಪ್ರೇಕ್ಷೆಯಿದೆ. ಆದ್ದರಿಂದ ಖಚಿತವಾಗಿ ತಿಳಿದಿರುವುದನ್ನು ಇಲ್ಲಿ ಒಟ್ಟುಗೂಡಿಸಿ ಕೊಟ್ಟಿದ್ದೇವೆ.

ವಿಟಮಿನ್ ಡಿ ಹೆಸರಿಗೆ ವಿಟಮಿನ್, ಕೆಲಸದಲ್ಲಿ ಹಾರ್ಮೋನು. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಚರ್ಮದಲ್ಲಿ ಹುಟ್ಟುತ್ತದೆ, ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ಬದಲಾದ ಮೇಲೆಯೇ ಕೆಲಸಕ್ಕೆ ಬರುತ್ತದೆ. ಕಚೇರಿಯ ಕಡತದಂತೆ ಮೂರು ಮೇಜು ದಾಟಬೇಕು. ವಯಸ್ಸಾದಂತೆ ಮೊದಲ ಮೇಜೇ ನಿಧಾನ: 1985ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಇಪ್ಪತ್ತರ ಚರ್ಮಕ್ಕೆ ಹೋಲಿಸಿದರೆ ಎಂಬತ್ತರ ಚರ್ಮ ಇದನ್ನು ತಯಾರಿಸುವ ಶಕ್ತಿ ಅರ್ಧಕ್ಕಿಂತ ಕಡಿಮೆ. ಮೂತ್ರಪಿಂಡವೂ ಸೊರಗುತ್ತದೆ. ಆಗ ಕರುಳು ಊಟದ ಕ್ಯಾಲ್ಸಿಯಂ ಅನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ದೇಹ ಮೂಳೆಯಲ್ಲಿದ್ದುದನ್ನೇ ಕರಗಿಸಿ ರಕ್ತಕ್ಕೆ ಕೊಡುತ್ತದೆ. ತೀವ್ರ ಕೊರತೆಯಾದರೆ ತೊಡೆಯ ಸ್ನಾಯು ಸೋತು, ನೆಲದಿಂದ ಏಳುವುದೇ ಕಷ್ಟವಾಗುತ್ತದೆ.

ಈಗ ಮುಪ್ಪಿನ ಸುದ್ದಿ. ನಮ್ಮ ಜೀವಕೋಶಗಳ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ರಕ್ಷಣೆಯಿದೆ, ಕಡತದ ಟ್ಯಾಗ್ ದಾರದ ತುದಿಗೆ ಲೋಹದ ಕಡ್ಡಿ ಇರುವ ಹಾಗೆ. ಕೋಶ ಒಡೆದು ಎರಡಾದಾಗಲೆಲ್ಲ ಅದು ಸವೆಯುತ್ತದೆ. ಅಮೆರಿಕದ 'ವೈಟಲ್' ಅಧ್ಯಯನದಲ್ಲಿ ಐವತ್ತು ದಾಟಿದ 25,871 ಜನರಿದ್ದರು. ಅವರಲ್ಲಿ ಸುಮಾರು ಸಾವಿರ ಮಂದಿಯ ಬಿಳಿ ರಕ್ತಕಣಗಳ ಟೆಲೊಮಿಯರ್ ಅಳೆದಾಗ, ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ ತೆಗೆದುಕೊಂಡವರಲ್ಲಿ ನಾಲ್ಕು ವರ್ಷದಲ್ಲಿ ಸವೆತ ಕಡಿಮೆಯಿತ್ತು, ಸುಮಾರು ಮೂರು ವರ್ಷದ ಮುಪ್ಪಿಗೆ ಸಮನಾಗುವಷ್ಟು. ಇದು ಪ್ರಕಟವಾದದ್ದು 2025ರಲ್ಲಿ. ಮೊಬೈಲ್ ಸುದ್ದಿ ಹೇಳದೆ ಬಿಟ್ಟದ್ದು ಇದು: ಅದೇ ಅಧ್ಯಯನದಲ್ಲಿ ಕ್ಯಾನ್ಸರ್ ಬರುವುದಾಗಲಿ, ಹೃದಯಾಘಾತವಾಗಲಿ, ಮೂಳೆ ಮುರಿತವಾಗಲಿ ಗಣನೀಯವಾಗಿ ಕಡಿಮೆಯಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ ಅರವತ್ತು ದಾಟಿದ 21,000ಕ್ಕೂ ಹೆಚ್ಚು ಜನರಿಗೆ ತಿಂಗಳಿಗೊಮ್ಮೆ 60,000 ಯೂನಿಟ್ ಕೊಟ್ಟು ನೋಡಿದರೂ ಸಾವಿನ ಪ್ರಮಾಣ ತಗ್ಗಲಿಲ್ಲ. ಕೊರತೆ ಇದ್ದವರು ಅದನ್ನು ಸರಿಪಡಿಸಿಕೊಳ್ಳಲೇಬೇಕು. ಕೊರತೆಯಿಲ್ಲದವರಿಗೆ ಇದು ಯೌವನದ ಗುಳಿಗೆಯಲ್ಲ ಎಂಬುದು ನಮ್ಮ ತಿಳಿವಳಿಕೆ.

ಹೆಚ್ಚಾದರೆ ಹಾನಿಯೂ ಉಂಟು. ಎಪ್ಪತ್ತು ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ ಒಂದೇ ಸಲಕ್ಕೆ ಐದು ಲಕ್ಷ ಯೂನಿಟ್ ಕೊಟ್ಟ ಇನ್ನೊಂದು ಆಸ್ಟ್ರೇಲಿಯಾ ಅಧ್ಯಯನದಲ್ಲಿ (2010) ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು.

ನಮಗೆ ಹೆಚ್ಚು ಕಳವಳ ತಂದಿರುವುದು ಬೇರೆ ಸಂಗತಿ. ಇಲ್ಲಿ ಕೊರತೆಗೆ ಸಾಮಾನ್ಯವಾಗಿ ಬರೆಯುವುದು 60,000 ಯೂನಿಟ್‌ನ ಮಾತ್ರೆ ಅಥವಾ ಪುಡಿ, ವಾರಕ್ಕೊಂದು. ಗಡಿಯೂರಿನ ನಮ್ಮ ಹಿರಿಯ ಸದಸ್ಯೆಯೊಬ್ಬರು ದಿನಕ್ಕೊಂದರಂತೆ ನುಂಗುತ್ತಿದ್ದರು. ಚೀಟಿಯಲ್ಲಿದ್ದುದು ಅವರಿಗೆ ಓದಲು ಬಾರದ ಲಿಪಿ. ನಾಲ್ಕನೆಯ ದಿನ ಮಗನ ಕಣ್ಣಿಗೆ ಬಿತ್ತು, ಅಷ್ಟಕ್ಕೇ ನಿಂತಿತು. ಹೀಗೇ ಮುಂದುವರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಕರಿಕೆ, ಮಲಬದ್ಧತೆ, ಅತಿ ಬಾಯಾರಿಕೆ, ಮಂಕು ಕವಿಯುವುದು, ಮೂತ್ರಪಿಂಡಕ್ಕೆ ಪೆಟ್ಟು, ಎಲ್ಲವೂ ಬರಬಹುದು. 'ವಾರಕ್ಕೊಮ್ಮೆ' ಎಂಬುದಕ್ಕೆ ಮಲಯಾಳದಲ್ಲಿ 'ಆಳ್ಚಯಿಲ್ ಒರಿಕ್ಕಲ್', ತಮಿಳಿನಲ್ಲಿ 'ವಾರತ್ತಿಲ್ ಒರು ಮುರೈ', ಮರಾಠಿಯಲ್ಲಿ 'ಆಠವಡ್ಯಾತೂನ್ ಏಕದಾ', ತೆಲುಗಿನಲ್ಲಿ 'ವಾರಾನಿಕಿ ಒಕಸಾರಿ' ಎನ್ನುತ್ತಾರೆ. ಔಷಧಿ ಅಂಗಡಿಯಲ್ಲೇ ಕೇಳಿ, ಪಟ್ಟಿಯ ಮೇಲೆ 'ಭಾನುವಾರ ಮಾತ್ರ' ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ.

ಬಿಸಿಲಿನ ವಿಚಾರ. ಸೂರ್ಯೋದಯದ ಎಳೆ ಬಿಸಿಲು ಹಿತವೇ, ಆದರೆ ಅದರಲ್ಲಿ ಬೇಕಾದ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ, ಕೈಕಾಲಿಗೆ ಸ್ವಲ್ಪ ಹೊತ್ತು ಬಿದ್ದರೆ ಪ್ರಯೋಜನ. ಕಿಟಕಿ ಗಾಜಿನ ಹಿಂದೆ ಕೂತರೆ ಇಲ್ಲ. ನೀಲಗಿರಿಯವರಿಗೆ ಮಳೆಗಾಲದ ಮೋಡ ಅಡ್ಡಿ. ಸೊಲ್ಲಾಪುರ, ರಾಯದುರ್ಗದವರಿಗೆ ಬಿಸಿಲು ಬೇಕಾದಷ್ಟಿದೆ, ಆದರೆ ಆ ಉರಿಯಲ್ಲಿ ಹೊರಗೆ ನಿಲ್ಲುವವರಾರು! ಬೇಸಿಗೆಯಲ್ಲಿ ಹತ್ತು ಗಂಟೆಯ ಆಸುಪಾಸು ಸಾಕು.

ರಾಗಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡುತ್ತದೆ, ವಿಟಮಿನ್ ಡಿ ಕೊಡುವುದಿಲ್ಲ. ಅದಕ್ಕೆ ಕಾಸರಗೋಡಿನವರ ಬಂಗುಡೆ, ಬೂತಾಯಿ ಮೀನು ಒಳ್ಳೆಯದು; ಮೊಟ್ಟೆಯ ಹಳದಿಯಲ್ಲಿ ಸ್ವಲ್ಪ. ಸಸ್ಯಾಹಾರಿಗಳು ಹಾಲು ಮತ್ತು ಎಣ್ಣೆಯ ಪೊಟ್ಟಣದ ಮೇಲೆ 'ಪ್ಲಸ್ ಎಫ್' ಗುರುತು ನೋಡಿ ಕೊಳ್ಳಬಹುದು.

ವಯಸ್ಕರಿಗೆ ನಮ್ಮ ದೇಶದ ಐ.ಸಿ.ಎಂ.ಆರ್. ಶಿಫಾರಸು ದಿನಕ್ಕೆ 600 ಯೂನಿಟ್. ಎಪ್ಪತ್ತೈದು ದಾಟಿದವರು ರಕ್ತಪರೀಕ್ಷೆಯಿಲ್ಲದೆಯೂ ಸಣ್ಣ ದೈನಂದಿನ ಪ್ರಮಾಣ ತೆಗೆದುಕೊಳ್ಳಬಹುದೆಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಸೂಚಿಸಿದೆ. ಮೂತ್ರಪಿಂಡದಲ್ಲಿ ಕಲ್ಲಾದವರು, ಡಿಗಾಕ್ಸಿನ್ ಅಥವಾ ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಬೇಕು. ಪರೀಕ್ಷೆ ಮಾಡಿಸಿದವರು ವರದಿಯಲ್ಲಿ ಅಂಕಿಯ ಪಕ್ಕದ ಅಳತೆಯನ್ನೂ ಓದಿ: ನ್ಯಾನೋಗ್ರಾಂ ಆದರೆ 20 ದಾಟಿದ್ದರೆ ಹೆಚ್ಚಿನವರಿಗೆ ಸಾಕು, ನ್ಯಾನೋಮೋಲ್ ಎಂದಿದ್ದರೆ ಆ ಅಂಕಿಯನ್ನು 2.5ರಿಂದ ಭಾಗಿಸಿಕೊಂಡು ನೋಡಬೇಕು.