ಆತಕೂರಿನ ಶಾಸನವೂ ಅಂಧವಾಚಕರೂ

ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ತಾಲ್ಲೂಕುಗಳು ಶಾಸನಸಂಪತ್ತಿಗೆ ಹೆಸರಾದ ಸೀಮೆಗೆ ಸೇರಿದುವು. ಅಲ್ಲಿಯ ಶಾಸನಗಳೊಳಗೆ ವಿದ್ವಾಂಸರಿಗೆ ಹೆಚ್ಚು ಪರಿಚಿತವಾದುದು ಮದ್ದೂರು ತಾಲ್ಲೂಕಿನ ಆತಕೂರಿನದು. ಶಕವರ್ಷ ೮೭೨ರ, ಎಂದರೆ ಕ್ರಿ.ಶ. ೯೪೯-೫೦ರ ಈ ಶಿಲಾಲೇಖವು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದುದನ್ನೂ, ಗಂಗ ಬೂತುಗನ ಕಡೆಯವನಾದ ಮಣಲೇರನ ಕಾಳಿಯೆಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ ಸತ್ತುದನ್ನೂ ತಿಳಿಸುತ್ತದೆ. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವುದು. ಬಿ. ಎಲ್. ರೈಸರು ೧೮೯೪ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕ'ದ ಮೂರನೆಯ ಸಂಪುಟದಲ್ಲಿ ಇದರ ಪಾಠವನ್ನು ಅಚ್ಚುಹಾಕಿಸಿದರು. ಅಂದಿನಿಂದ ಶಾಸನವು ಪ್ರಕಟವಾಗಿದೆ ಎಂದು ಎಲ್ಲರೂ ಹೇಳುವರು. ಆದರೆ ಕಣ್ಣಿಲ್ಲದ ವಿದ್ಯಾರ್ಥಿಗೆ ಇದು ಪ್ರಕಟವಾಗಿದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪೂರ್ವದಲ್ಲಿ ನಮ್ಮ ವಿದ್ಯೆಗೆ ಕಣ್ಣೊಂದೇ ಬಾಗಿಲಾಗಿರಲಿಲ್ಲ. ವೇದವು ಶ್ರುತಿಯೆನಿಸಿಕೊಂಡು ಕಿವಿಯಿಂದ ಕಿವಿಗೆ ಬಂದಿತು. ಕುಮಾರವ್ಯಾಸನ ಭಾರತವು ಗಮಕಿಗಳ ಕಂಠದಿಂದ ಊರೂರಿಗೆ ಹರಡಿತು. ಗಮಕದ ಸಭೆಯಲ್ಲಿ ಕುಳಿತ ಅಂಧನಿಗೂ ಕಣ್ಣುಳ್ಳವನಿಗೂ ಕಾವ್ಯವು ಸಮವಾಗಿಯೇ ದೊರೆಯುತ್ತಿದ್ದಿತು. ಅಚ್ಚಿನ ಪುಸ್ತಕವು ಬಂದು ವಿದ್ಯೆಯು ಗ್ರಂಥಾಲಯದ ಕಪಾಟನ್ನು ಸೇರಿದ ಮೇಲೆ ಈ ಸಾಮ್ಯವು ತಪ್ಪಿತು. ಅದನ್ನು ಸರಿಪಡಿಸುವ ಯತ್ನಗಳೂ ನಡೆದುವು. ೧೯೦೧ರಲ್ಲಿ ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಶಾಲೆಯು ಏರ್ಪಟ್ಟಿತು. ೧೯೫೧ರಲ್ಲಿ ಭಾರತದ ಭಾಷೆಗಳಿಗೆಲ್ಲ ಒಂದೇ ಕ್ರಮವುಳ್ಳ ಭಾರತೀ ಬ್ರೈಲ್ ಅಂಗೀಕೃತವಾಗಲು, ಕನ್ನಡದ ಅಕ್ಷರಗಳಿಗೂ ಬೆರಳಿಗೆ ತಗಲುವ ರೂಪವು ನಿಶ್ಚಿತವಾಯಿತು. ಆದರೂ ಬ್ರೈಲ್ ಪುಸ್ತಕಗಳು ಗಾತ್ರದಲ್ಲಿ ದೊಡ್ಡವು, ವೆಚ್ಚದಲ್ಲಿ ಹೆಚ್ಚಿನವು. ಶಾಸನಸಂಪುಟಗಳಂತಹ ಗ್ರಂಥಗಳನ್ನು ಆ ರೀತಿಯಲ್ಲಿ ಒದಗಿಸುವುದು ಸುಲಭಸಾಧ್ಯವಲ್ಲ.

ಗಣಕಯಂತ್ರವು ಈ ಕಷ್ಟವನ್ನು ಬಹುಮಟ್ಟಿಗೆ ನೀಗಿಸಬಲ್ಲುದು. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವು ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿಯಾಗಲಿ ಬ್ರೈಲ್ ಆಗಿಯಾಗಲಿ ಒದಗಿಸುತ್ತದೆ. ಆದರೆ ಅದು ಅಕ್ಷರದ ಆಕಾರವನ್ನು ನೋಡುವುದಿಲ್ಲ. ಅಕ್ಷರಕ್ಕೆ ಗೊತ್ತುಮಾಡಿದ ಸಂಕೇತವನ್ನು ಮಾತ್ರ ಗ್ರಹಿಸುತ್ತದೆ. ಗ್ರಂಥಾಲಯಗಳ ಅನೇಕ ಜಾಲತಾಣಗಳಲ್ಲಿ ಹಳೆಯ ಪುಸ್ತಕಗಳು ಸ್ಕ್ಯಾನ್ ಮಾಡಿದ ಪುಟಗಳಾಗಿಯೇ ಇರುವುವು. ಅಂತಹ ಪುಟವು ಚಿತ್ರವೇ ಹೊರತು ಪಾಠವಲ್ಲ. ಯಂತ್ರವು ಅದರ ಮುಂದೆ ಮೂಕವಾಗುವುದು. ಯುನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಬರಹವು ನೋಟಕ್ಕೆ ಕನ್ನಡವಾದರೂ ಒಳಗಿನ ಸಂಕೇತಗಳು ರೋಮನ್ ಲಿಪಿಯವಾಗಿರುವುದರಿಂದ, ಕಿವಿಗೆ ಅರ್ಥವಿಲ್ಲದ ಸದ್ದು ಬೀಳುತ್ತದೆ. ಹುಡುಕುವ ಪೆಟ್ಟಿಗೆಗೆ ಹೆಸರಿಡದಿದ್ದರೆ, ಇಲಿಯಿಂದಲ್ಲದೆ ಕೀಲಿಮಣೆಯಿಂದ ಮುಂದೆ ಸಾಗಲಾಗದಿದ್ದರೆ, ವಾಚಕನು ಪುಸ್ತಕದವರೆಗೂ ಹೋಗಲಾರನು.

ಶಾಸನಪಾಠದಲ್ಲಿ ಇನ್ನೂ ಕೆಲವು ಸೂಕ್ಷ್ಮಗಳುಂಟು. ಕಲ್ಲಿನ ಮೇಲೆ ಪದಗಳ ನಡುವೆ ಎಡೆಯಿರುವುದಿಲ್ಲ. ಪಂಕ್ತಿಯ ಕೊನೆಯಲ್ಲಿ ಪದವು ತುಂಡಾಗುವುದೂ ಉಂಟು. ಪಂಕ್ತಿಕ್ರಮವನ್ನೇ ಅನುಸರಿಸಿದ ಪಾಠವನ್ನು ಯಂತ್ರವು ತುಂಡುತುಂಡಾಗಿಯೇ ಉಚ್ಚರಿಸುವುದು. ಶಾಕಲ್ಯನು ಋಗ್ವೇದದ ಸಂಹಿತೆಯನ್ನು ಬಿಡಿಸಿ ಪದಪಾಠವನ್ನು ಏರ್ಪಡಿಸಿದಂತೆ, ಇಲ್ಲಿಯೂ ಪಂಕ್ತಿಯ ಸಂಖ್ಯೆಯನ್ನು ಉಳಿಸಿಕೊಂಡು ಪದವಿಭಾಗವುಳ್ಳ ಪಾಠವನ್ನು ಜೊತೆಗಿಡಬೇಕು. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಜೀವಿಸು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಯುನಿಕೋಡಿನಲ್ಲಿ ಱ, ೞ ಎರಡಕ್ಕೂ ಪ್ರತ್ಯೇಕ ಸ್ಥಾನವಿದ್ದರೂ, ಲಿಪಿಕಾರನು ಸುಲಭವೆಂದು ರ, ಳಗಳನ್ನು ಬರೆದರೆ, ಕಣ್ಣುಳ್ಳವನು ಸ್ಕ್ಯಾನಿನ ಚಿತ್ರವನ್ನು ನೋಡಿ ತಿದ್ದಿಕೊಂಡಾನು. ಅಂಧನಿಗೆ ಆ ಉಪಾಯವಿಲ್ಲ. ಮಳವಳ್ಳಿಯ ಬಳಿಯ ಮಾರೆಹಳ್ಳಿಯ ನರಸಿಂಹ ದೇವಾಲಯದಲ್ಲಿರುವಂತೆ ಈ ಸೀಮೆಯಲ್ಲಿ ಚೋಳರ ಕಾಲದ ತಮಿಳು ಶಾಸನಗಳೂ ಇರುವುವು. ಭಾಷೆ ಯಾವುದೆಂಬುದನ್ನು ಪುಟದೊಳಗೆ ಸೂಚಿಸದಿದ್ದರೆ ಕನ್ನಡದ ಧ್ವನಿಯು ತಮಿಳನ್ನು ಸರಿಯಾಗಿ ಓದಲಾರದು. ಆತಕೂರಿನ ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಶಿಲ್ಪವಿದೆ. ಬರಿಯ ‘ಚಿತ್ರ’ ಎಂದು ಕೇಳಿಸಿದರೆ ವಾಚಕನಿಗೆ ಏನೂ ತಿಳಿಯದು. ಶಿಲ್ಪದ ವರ್ಣನೆಯನ್ನು ಒಂದೆರಡು ವಾಕ್ಯಗಳಲ್ಲಿ ಬರೆದು ಚಿತ್ರದೊಡನೆ ಸೇರಿಸಬೇಕು.

ಇದಕ್ಕೆ ಶಾಸನಬದ್ಧವಾದ ಆಧಾರವೂ ಇದೆ. ೨೦೧೨ರ ತಿದ್ದುಪಡಿಯಿಂದ ಭಾರತದ ಕೃತಿಸ್ವಾಮ್ಯದ ಕಾನೂನು ಅಂಗವಿಕಲರಿಗೆ ಓದಲನುಕೂಲವಾದ ಪ್ರತಿಗಳನ್ನು ಮಾಡಲು ಅವಕಾಶವಿತ್ತಿತು. ೨೦೧೪ರಲ್ಲಿ ಭಾರತವು ಮರಾಕೇಶ್ ಒಪ್ಪಂದವನ್ನು ಎಲ್ಲ ರಾಷ್ಟ್ರಗಳಿಗಿಂತ ಮೊದಲು ಸ್ಥಿರೀಕರಿಸಿತು. ೨೦೧೬ರಲ್ಲಿ ಸುಗಮ್ಯ ಪುಸ್ತಕಾಲಯವೆಂಬ ಜಾಲಗ್ರಂಥಾಲಯವು ಪ್ರಾರಂಭವಾಯಿತು. ಅದೇ ವರ್ಷ ಅಂಗವಿಕಲರ ಹಕ್ಕುಗಳ ಅಧಿನಿಯಮವೂ ಬಂದಿತು. ಜಾಲದ ಮೂಲಕ ದೊರೆಯುವ ಸೇವೆಗಳನ್ನು ಪಡೆಯುವುದು ಜೀವಿಸುವ ಹಕ್ಕಿನೊಳಗೇ ಸೇರಿದುದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರ ಏಪ್ರಿಲ್ ೩೦ರಂದು ನಿರ್ಣಯಿಸಿತು. ರೈಸರ ಸಂಪುಟಕ್ಕಾದರೋ ಕೃತಿಸ್ವಾಮ್ಯದ ಅಡ್ಡಿಯೂ ಉಳಿದಿಲ್ಲ. ಉಳಿದಿರುವುದು ಶ್ರಮವೊಂದೇ.

ಈ ಶ್ರಮವನ್ನು ಗಣಕತಜ್ಞರಿಗೆ ಮಾತ್ರ ಬಿಡುವುದು ಯುಕ್ತವಲ್ಲ. ಪದವನ್ನು ಬಿಡಿಸುವುದು, ಱಕಾರ ೞಕಾರಗಳನ್ನು ಕಾಪಾಡುವುದು, ಶಿಲ್ಪವನ್ನು ಮಾತಿನಲ್ಲಿ ವರ್ಣಿಸುವುದು, ಇವೆಲ್ಲವೂ ಗ್ರಂಥಸಂಪಾದಕನ ಕಾರ್ಯಗಳೇ. ಓಲೆಯ ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ಕೊಟ್ಟ ಪಂಡಿತಪರಂಪರೆಗೆ ಇದು ಅಪರಿಚಿತವಾದ ಕೆಲಸವಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಾಲೇಜುಗಳ ಕನ್ನಡ ಅಧ್ಯಾಪಕರು ತಮ್ಮ ತಮ್ಮ ತಾಲ್ಲೂಕಿನ ಶಾಸನಗಳಿಂದ ಇದನ್ನು ಆರಂಭಿಸಬಹುದು. ಸಿದ್ಧವಾದ ಪಾಠವನ್ನು ಗ್ರಂಥಾಲಯದ ಜಾಲತಾಣಕ್ಕೆ ಸೇರಿಸುವ ಮೊದಲು ಅಂಧವಾಚಕರೊಬ್ಬರು ಸ್ಕ್ರೀನ್ ರೀಡರಿನಿಂದ ಕೇಳಿ ಕರಡನ್ನು ತಿದ್ದತಕ್ಕದ್ದು. ಅವರ ಒಪ್ಪಿಗೆಯು ದೊರೆತ ದಿನವೇ ಆ ಪಾಠವು ಪೂರ್ಣವಾಗಿ ಪ್ರಕಟವಾಯಿತೆಂದು ಹೇಳಬಹುದು.